ಬಂತು

ತಿಂಗಳ ಇಪ್ಪತ್ತೆಂಟಕ್ಕೆ, ಇಶಾ ನಮಾಜು ಮುಗಿದ ಮೇಲೆ,
ಖರ್ಜೂರದ ಹಳೇ ಡಬ್ಬಿ ಹಿಡಿದು ಹೊರಡುತ್ತೇನೆ
ಶಾರ್ಜಾದ ಸಜ್ಜಾ ಕ್ಯಾಂಪಿನಿಂದ ಪೆಟ್ರೋಲ್ ಬಂಕಿನ ಎಟಿಎಮ್ಮಿಗೆ.
ಡಬ್ಬಿಯಲ್ಲಿ ಮೂವತ್ತೆಂಟು ಕಾರ್ಡು, ರಬ್ಬರ್‌ಬ್ಯಾಂಡು ಬಿಗಿದು.
ಬೆನ್ನಿಗೆ ಪ್ಲಾಸ್ಟರು, ಅದರ ಮೇಲೆ
ನನ್ನದೇ ಕೈಬರಹದಲ್ಲಿ ನಾಲ್ಕು ನಾಲ್ಕು ಅಂಕಿ,
ಕನ್ನಡದ ಅಂಕಿ. ಕದ್ದವನಿಗೆ ಓದಲು ಬರಬಾರದಲ್ಲ.

ಯಂತ್ರ ಭಾಷೆ ಕೇಳುತ್ತದೆ: ಅರಬ್ಬಿ, ಇಂಗ್ಲಿಷ್, ಉರ್ದು.
ಮೂವತ್ತೆಂಟು ಸಲ ಕೇಳುತ್ತದೆ, ಬೇಸರವಿಲ್ಲ.
ಕರಾರಿನಲ್ಲಿ ಗಾರೆಯವನಿಗೆ ಸಾವಿರದ ಎಂಟುನೂರು ದಿರ್ಹಮ್,
ಪಾಸ್‌ಪೋರ್ಟು ಯಾವ ಬಣ್ಣದ್ದಾದರೂ.
ಯಂತ್ರ ಎಲ್ಲರಿಗೂ ಅಷ್ಟೇ ಉಗುಳುತ್ತದೆ.
ಭೇದ ಮಾಡುವವನು ನಾನು,
ಪಿಕಪ್ಪಿನ ಬಾನೆಟ್ಟಿನ ಮೇಲೆ, ಬಂಕಿನ ಬೆಳಕಿನಲ್ಲಿ:
ನಮ್ಮ ಗಂಗೊಳ್ಳಿಯ ದಾಸ ಖಾರ್ವಿಗೆ ಸಾವಿರದ ಇನ್ನೂರು,
ನೇಪಾಳದ ತಿಲಬಹಾದ್ದೂರನಿಗೆ ಸಾವಿರ,
ಸಿಲ್ಹೆಟ್ಟಿನ ಶೊಫಿಕುಲನಿಗೆ ಒಂಬೈನೂರು.
ಗೋಡೆಗೆ ತೂಕದ ಗುಂಡು ಬಿಡುವುದನ್ನು
ಉಳಿದಿಬ್ಬರಿಗೆ ಕಲಿಸಿದವನು ಅವನೇ.
ಮಿಕ್ಕದ್ದು ಲಕೋಟೆಗೆ. ಲಕೋಟೆ ಫೋರ್‌ಮನ್‌ಗೆ.
ಅಲ್ಲಿಂದ ಎಲ್ಲಿಗೆ, ನಾನು ಕೇಳಿಲ್ಲ.
ನನ್ನ ಕಾರ್ಡು ನನ್ನ ಜೇಬಿನಲ್ಲೇ ಇರುತ್ತದೆ.
ಅದಕ್ಕೇ ಕೇಳಿಲ್ಲ.

ಮೇ ತಿಂಗಳಲ್ಲಿ ಇನ್ಸ್‌ಪೆಕ್ಟರ್ ಬಂದ. ಒಳ್ಳೆಯ ಹುಡುಗ,
ಬೂಟಿಗೆಲ್ಲ ಸಿಮೆಂಟು ಮೆತ್ತಿದರೂ ಮುಖ ಗಂಟಿಕ್ಕಲಿಲ್ಲ.
ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ಕೇಳಿದ, ಹರಕು ಹಿಂದಿಯಲ್ಲಿ:
ಸಂಬಳ ಬಂತಾ?
ಬಂತು. ಬಂತು. ಬಂತು.
ಸುಳ್ಳು ಹೇಳಿದವರಿಲ್ಲ. ಬಂತೇ ಎಂದು ಕೇಳಿದ,
ಉಳಿಯಿತೇ ಎಂದು ಕೇಳಲಿಲ್ಲ.
ಫಾರಮ್ಮಿನಲ್ಲಿ ಆ ಕಾಲಮ್ಮು ಇರಲಿಲ್ಲ.
ಹೋಗುವಾಗ ಎಲ್ಲರಿಗೂ ತಣ್ಣನೆ ನೀರಿನ ಬಾಟಲಿ ಕೊಟ್ಟ.

ಜುಲೈಯಲ್ಲಿ ಯಂತ್ರ ಶೊಫಿಕುಲನ ಕಾರ್ಡು ನುಂಗಿತು.
ಮೂರು ಸಲ ತಪ್ಪು ಒತ್ತಿದ್ದೆ.
ಬೆವರಿಗೆ ಬೆರಳು ಜಾರಿತು ಅಂದೆ ಫೋರ್‌ಮನ್‌ಗೆ.
ನನ್ನದೇ ಕೈಯ ಆರನ್ನು ಒಂಬತ್ತೆಂದು ಓದಿದೆನೋ,
ಓದಬೇಕೆಂದೇ ಓದಿದೆನೋ,
ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

ಬತಾಕಾ ತೋರಿಸಿ, ಕೌಂಟರಿನಲ್ಲಿ ಹೆಬ್ಬೆಟ್ಟೊತ್ತಿ
ತನ್ನ ಸಂಬಳ ತಾನೇ ತಂದ, ನಾಲ್ಕು ವರ್ಷಕ್ಕೆ ಮೊದಲ ಸಲ.
ಮಂಚದ ಮೇಲೆ ಹರಡಿ ಎಣಿಸಿದ. ಮತ್ತೆ ಎಣಿಸಿದ.
ಫ್ಯಾನು ಆರಿಸಿ ಇನ್ನೊಮ್ಮೆ.
ಆಮೇಲೆ ನೂರರ ಒಂಬತ್ತು ನೋಟು ಮಡಚಿಕೊಂಡು
ನನ್ನ ಕೋಣೆಗೆ ಬಂದ, ಚಪ್ಪಲಿ ಹೊರಗೆ ಬಿಟ್ಟು:
ಭಾಯಿ, ಬ್ಯಾಂಕಿನವರು ಲೆಕ್ಕ ತಪ್ಪಿದ್ದಾರೆ,
ಜಾಸ್ತಿ ಬಂತು.