ಐವತ್ತೊಂಬತ್ತು

ವಾಸ್ಕೊದ ಬೈನಾದಲ್ಲಿ, ಬಾಗಿಲಿಗೆ ಗೋಣಿ ಇಳಿಬಿಟ್ಟ
ಪೆರೇರಾನ ಸೈಬರ್ ಕೆಫೆ; ತಾಸಿಗೆ ಹದಿನೈದು ರೂಪಾಯಿ.
ಐಸ್ ಫ್ಯಾಕ್ಟರಿಯ ಪಾಳಿ ಮುಗಿಸಿ ಬರುತ್ತೇನೆ.
ಬೆರಳಿಗೆ ಜೀವ ಬರಲು ಐದು ನಿಮಿಷ ಬೇಕು,
ಆಮೇಲೆ ಕತ್ತಿ.

ಮೊದಮೊದಲು ಎಷ್ಟು ಸಲೀಸು!
ಎರಡು ಕಾಡುಹಂದಿ ಬಿದ್ದರೆ ಒಂದು ಲೆವೆಲ್ಲು,
ಚಹಾ ಆರುವುದರೊಳಗೆ ಇನ್ನೊಂದು.
ನಲವತ್ತರ ಮೇಲೆ ವಾರಕ್ಕೊಂದು.
ಐವತ್ತೈದಕ್ಕೆ ಒಂದಿಡೀ ಮಳೆಗಾಲ ಹೋಯಿತು;
ಬಂದರಿನ ಅದಿರು ತೊಯ್ದು ಕೆಂಪಗೆ ರಸ್ತೆಗಿಳಿದದ್ದು
ಗೋಣಿಯಾಚೆಯ ಸುದ್ದಿ.

ದಸ್ತಗೀರ ನನಗಿಂತ ಮೊದಲೇ ಅರವತ್ತು ಮುಟ್ಟಿದ.
ಅರವತ್ತೇ ಕಡೆ. ಅದರಾಚೆ
ಡ್ರ್ಯಾಗನ್ ಕೊಂದರೂ ಹಳದಿ ಪಟ್ಟಿ ಕದಲದು.
"ಏನ್ ಮಾಡಾಕತ್ತಿಯೋ?" ಅಂತ ಟೈಪಿಸಿದೆ.
"ಮೀನ ಹಿಡ್ಯಾಕತ್ತೀನಿ."
ಹಗಲೆಲ್ಲ ಜೆಟ್ಟಿಯಲ್ಲಿ ಬಂಗಡೆ ಬುಟ್ಟಿ ಹೊರುವವನು
ರಾತ್ರಿ, ಚಿನ್ನದ ಕವಚ ತೊಟ್ಟು,
ಇಲ್ಲದ ಹೊಳೆಗೆ ಗಾಳ ಹಾಕಿ ಕೂತಿದ್ದ.
ಪಕ್ಕದಲ್ಲಿ ಕೂತೆ.
ಅಷ್ಟು ಹೊತ್ತು ಇಬ್ಬರೂ ಸುಮ್ಮನೆ ಕೂತದ್ದು
ಈ ಊರಿಗೆ ಬಂದ ಮೇಲೆ ಅದೇ ಮೊದಲು.

ನನಗೆ ಅರವತ್ತಾಗಲು ಇನ್ನೊಂದೇ ಹಂದಿ ಬಾಕಿ.
ಕೊಲ್ಲಲಿಲ್ಲ. ನಾಳೆ ಅಂದೆ,
ನಾಳೆ ಅಂತ ಎಷ್ಟೋ ರಾತ್ರಿ.

ಮೊನ್ನೆ ಕಂಪನಿಯವರು ಮಿತಿಯನ್ನು ಎಪ್ಪತ್ತಕ್ಕೆ ಏರಿಸಿದರು.
ದಸ್ತಗೀರ ಗಾಳ ಸುತ್ತಿದ, ಕುದುರೆ ಹತ್ತಿದ,
"ಬಾರಲೇ" ಅಂದ.
ಈಗ ಅರವತ್ತೆರಡಂತೆ. ಅರವತ್ಮೂರೋ.

ಪೆರೇರಾ ಗೋಣಿ ಎತ್ತಿ, ಹೊತ್ತಾಯಿತು ಅನ್ನುತ್ತಾನೆ.
ದಂಡೆಯ ಮೇಲೆ ಅದೇ ಹಂದಿ
ನನ್ನ ಬೂಟು ಮೂಸಿ, ಮೇಯುತ್ತ ಆಚೆ ಹೋಗುತ್ತದೆ.
ತಾಳು ಮಾರಾಯ,
ಬೆಂಡು ಅಲುಗಿದ ಹಾಗಿದೆ.