ಬಿರಾನ್ ಇಲ್ಲದ ಮದುವೆ

ಸ್ಯಾಂ-ಲೂಯಿಯಲ್ಲಿ, ಸೆನೆಗಲ್ ನದಿಯ
ಕಬ್ಬಿಣದ ಸೇತುವೆಯ ಈಚೆ ನನ್ನ ಅಂಗಡಿ:
ಒಂದು ಸ್ಟೂಲು, ಒಂದು ಫ್ಯಾನು,
ಪುಕ್ಕಟೆ ಸಿಕ್ಕ ಸಾಫ್ಟ್‌ವೇರು.

ಪೆಂಡಾ ಬಂದಳು, ಪೆನ್‌ಡ್ರೈವ್ ತಲೆವಸ್ತ್ರದ ಗಂಟಿನಲ್ಲಿ.
"ತಂಗಿಯ ಮದುವೆ. ಬಿರಾನ್ ಎಲ್ಲೂ ಕಾಣಬಾರದು.
ಹೆಂಗಸರ ಚೀಟಿ ದುಡ್ಡು ನುಂಗಿ ನೀರು ಕುಡಿದವನು."

ಎಡದ ತುದಿ ಎಳೆದೆ, ಬಲದ್ದು ಎಳೆದೆ.
ಈ ಕತ್ತರಿಗೆ ಮನುಷ್ಯರು ಗೊತ್ತಿಲ್ಲ ತಾಯಿ,
ಹೊತ್ತು ಮಾತ್ರ ಗೊತ್ತು, ಅಂದೆ.
ಅವನು ಹೋದರೆ ಹಿಂದೆ ಕುಣಿಯುವ ಅಜ್ಜಿಯೂ ಹೋಗುತ್ತಾಳೆ.
"ಹೋಗಲಿ."
ಮೀನನ್ನದ ದೊಡ್ಡ ಹರಿವಾಣ ಹೋಯಿತು,
ಸಬಾರ್ ಡೋಲಿನವನ ಒಂದು ಕೈ ಹೋಯಿತು,
ಮದುಮಗಳು ಒಂದೇ ಒಂದು ಸಲ ನಕ್ಕದ್ದು,
ಯಾರ ಚೇಷ್ಟೆಗೆ ನಕ್ಕಳೋ, ಅದೂ.
ನಲವತ್ತೊಂದು ನಿಮಿಷ ಆರಾಯಿತು.

ಉಳಿದ ಆರರಲ್ಲಿ ಎಲ್ಲರೂ ಕೂತಿದ್ದಾರೆ
ಇನ್ನೂ ಯಾರೋ ಬರಬೇಕು ಅನ್ನುವ ಹಾಗೆ.
ಅವನಿಲ್ಲ. ದನಿ ಮಾತ್ರ, ಚೌಕಟ್ಟಿನ ಆಚೆಯಿಂದ:
"ಪೆಂಡಾ, ಊಟ ಆಯ್ತಾ?"

"ಹೂಂ, ಆಯ್ತು," ಅಂದುಬಿಟ್ಟಳು
ನನ್ನ ಸ್ಟೂಲಿನ ಮೇಲೆ ಕೂತು.
ಆಮೇಲೆ ಫ್ಯಾನಿನ ಕಡೆ ನೋಡಿದಳು.

ಶಬ್ದದ ಗೆರೆ ಅಲ್ಲಿ ಸಣ್ಣ ಹುತ್ತದ ಹಾಗೆ ಎದ್ದಿತ್ತು.
ಬಾಣ ಅದರ ಮೇಲಿಟ್ಟು ಕೇಳಿದೆ:
ಇದನ್ನು?

"ನಿನಗೆ ಎಷ್ಟು ಕೊಡಬೇಕು," ಅಂದಳು,
ಗಂಟು ಬಿಚ್ಚುತ್ತ.