ಚೀಲದ ತೂಕ ಕಳೆದು

ಗೋಣಿಕೊಪ್ಪದ ಕಾಫಿ ಮಂಡಿಯಲ್ಲಿ
ಇಪ್ಪತ್ತೇಳು ವರ್ಷ ತೂಗಿದವನು ನಾನು.
ಚೀಲ ತಕ್ಕಡಿಗೆ ಕೂತ ಸದ್ದಿಗೇ ಹೇಳುತ್ತಿದ್ದೆ
ಐವತ್ತೋ, ನಲವತ್ತೊಂಬತ್ತೂವರೆಯೋ ಎಂದು.
ಕಾಳು ಕಚ್ಚಿ ನೋಡಿ
ಮೀಟರಿಗೂ ಮೊದಲು ತೇವ ಹೇಳುತ್ತಿದ್ದೆ.
ನನ್ನ ತೂಕ ಮಾತ್ರ
ಎಂದೂ ನೋಡಿಕೊಂಡಿರಲಿಲ್ಲ.

ಜನವರಿ. ಚೆರಿ ಬರುವ ಭರ.
ಲಾರಿಯ ಮೇಲಿಂದ ಸೆಲ್ವ ಕೂಗಿದ: ಎಷ್ಟಣ್ಣಾ?
ನಾಲಿಗೆಯ ಮೇಲೆ ಐವತ್ತೆರಡು ಇತ್ತು.
ಹೊರಗೆ ಬಂದದ್ದು, ಹೂವು.
ಮತ್ತೆ ಕೇಳಿದ. ಮತ್ತೆ ಹೂವು.
ಅವನು ನಕ್ಕ. ನಾನೂ ನಕ್ಕೆನಂತೆ, ಅರ್ಧ ಮುಖದಲ್ಲಿ.
ಪೆನ್ನು ಬಿತ್ತು. ಎತ್ತಲು ಹೋದ ಬಲಗೈ
ದಾರಿಯಲ್ಲೇ ಬೇರೆ ಯಾರದೋ ಕೈಯಾಯಿತು.
ಪೇಟೆಯೆಲ್ಲ ಸುದ್ದಿ: ಬಿದ್ದಪ್ಪ ಬಿದ್ದ.
ಅಪ್ಪ ಇಟ್ಟ ಹೆಸರು, ಏನು ಮಾಡುವುದು.

ಮೈಸೂರಿನ ಆಸ್ಪತ್ರೆಯಲ್ಲಿ ನನ್ನನ್ನು ತೂಗಿದರು:
ತೊಂಬತ್ತೆಂಟು ಕಿಲೋ ನಾನೂರು ಗ್ರಾಂ.
ಎರಡು ಚೀಲಕ್ಕೆ ಸ್ವಲ್ಪವೇ ಕಡಿಮೆ.
ಇಪ್ಪತ್ತು ಇಳಿಸಿ, ಎಂದರು ಡಾಕ್ಟರು.
ಬೊಳ್ಳಮ್ಮ ಬರೆದುಕೊಂಡಳು, ದಿನಸಿ ಚೀಟಿಯ ಬೆನ್ನಿಗೆ.

ಅಂದಿನಿಂದ ಅಡುಗೆಮನೆಯೇ ಮಂಡಿ.
ಅವಳು ತೂಗುವವಳು, ನಾನು ಮಾಲು.
ಎಣ್ಣೆ ಬಾಟಲಿಯ ಮುಚ್ಚಳದಲ್ಲಿ ಒಂದಳತೆ.
ಕಡಂಬುಟ್ಟು ಎಂಟಲ್ಲ, ಎರಡು.
ಪಂದಿಕರಿಯ ದಿನ ನನ್ನ ಪಾಲಿಗೆ
ಕಾಚಂಪುಳಿಯ ಘಮ, ಮತ್ತೆ ಸೌತೆಕಾಯಿ.
ಮಿಲಿಟರಿ ಭಾವ ಕ್ಯಾಂಟೀನಿನ ರಮ್ಮು ತಂದಿಟ್ಟರೆ
ಇದು ಒಳ್ಳೆಯದಾಯಿತು ಎಂದು
ನನ್ನ ಮೊಣಕಾಲಿಗೆ ತಿಕ್ಕಿದಳು.
ಅವನು ಅಳುವುದೊಂದು ಬಾಕಿ.

ವಿರಾಜಪೇಟೆಯಿಂದ ನಸೀಬಾ ಬರುತ್ತಾಳೆ, ಕಸರತ್ತು ಕಲಿಸಲು.
ಈ ಬಟ್ಟಲಿಂದ ಆ ಬಟ್ಟಲಿಗೆ ಕಾಳು ಹಾಕಿ ಅಂಕಲ್.
ಅವಳು ಹೇಳಿದ್ದು ಕಡಲೆ. ಮನೆಯಲ್ಲಿದ್ದದ್ದು ಕಾಫಿ.
ಮೊದಲ ದಿನ ಮೂರು.
ನಾಲ್ಕನೆಯದು ಮಂಚದ ಕೆಳಗೆ ಉರುಳಿದ್ದು
ಇವತ್ತಿಗೂ ಸಿಕ್ಕಿಲ್ಲ.
ಲಾರಿಗಟ್ಟಲೆ ತೂಗಿದವನು
ಮೂರು ಕಾಳಿಗೆ ಅಂಗಿ ಒದ್ದೆ ಮಾಡಿಕೊಂಡೆ.

ಬೆಳಿಗ್ಗೆ ಕೀರೆಹೊಳೆಯ ಸೇತುವೆ ತನಕ ನಡಿಗೆ.
ತೋಟಕ್ಕೆ ಆನೆ ಇಳಿದಿದೆ ಎಂದು ಮೆಸೇಜು ಬಂದರೆ
ಕಣದಲ್ಲೇ ಅರವತ್ತು ಸುತ್ತು,
ಬಲಗಾಲನ್ನು ಹಠದ ಕರುವಿನಂತೆ ಎಳೆದುಕೊಂಡು.

ಕಕ್ಕಡ ಹದಿನೆಂಟು. ಮದ್ದುಸೊಪ್ಪಿನ ಪಾಯಸ
ನೇರಳೆ ಬಣ್ಣಕ್ಕೆ ಕುದಿಯುತ್ತಿತ್ತು.
ಬೊಳ್ಳಮ್ಮ ತಟ್ಟೆ ಮುಚ್ಚಿದಳು: ಬೆಲ್ಲವಿದೆ.
ನಾನೆಂದೆ: ಇದು ಸಿಹಿಯಲ್ಲ ಮಾರಾಯ್ತಿ, ಇದು ಮದ್ದು.
ಸೌಟು ಅಲ್ಲೇ ನಿಂತಿತು.
ಆರು ತಿಂಗಳಲ್ಲಿ ನನ್ನ ಮೊದಲ ಪೂರ್ತಿ ವಾಕ್ಯ.
ಎರಡು ಚಮಚ ಸಿಕ್ಕಿತು.
ಅವಳು ಯಾಕೋ ಹಿತ್ತಲಿಗೆ ಹೋದಳು.

ನಿದ್ದೆ ಬಾರದ ರಾತ್ರಿ ಇನ್ನೊಂದು ಲೆಕ್ಕ.
ಖಾಲಿ ಚೀಲ ಆರುನೂರು ಗ್ರಾಂ.
ನಾವು ಕಳೆಯುತ್ತಿದ್ದದ್ದು ಒಂದು ಕಿಲೋ, ಯಜಮಾನರ ಪದ್ಧತಿ.
ಹೋಗಲಿ, ನಾನೂರು ಗ್ರಾಂ ಯಾವ ಮಹಾ,
ಎನ್ನುತ್ತಿದ್ದವನು ನಾನೇ.
ಈಗ ಅಷ್ಟೇ ನಾನೂರು ಮೈಯಿಂದ ಇಳಿಯಲು
ಹನ್ನೊಂದು ಬೆಳಗು ಬೇಕು.
ಒಂದು ಮದುವೆಯೂಟ ಸಾಕು, ಹಿಂದೆ ಬರಲು.

ಡಿಸೆಂಬರಿನಲ್ಲಿ ಮತ್ತೆ ಮಂಡಿಗೆ, ಅರ್ಧ ದಿನದ ಕೆಲಸ.
ತಕ್ಕಡಿ ಹತ್ತಿ ನಿಂತೆ. ಎಂಬತ್ತೊಂದು ಇನ್ನೂರು.
ಚೀಲದ ತೂಕ ಕಳೆದು ಎಷ್ಟಣ್ಣಾ, ಎಂದ ಸೆಲ್ವ.
ಬಾಳೆಲೆಯ ಚೋಂದವ್ವನದು ಮೂರೇ ಚೀಲ.
ಎಡಗೈಯಲ್ಲಿ, ಮಗ್ಗಿ ಬರೆಯುವ ಹುಡುಗನಂತೆ,
ಚೀಲಕ್ಕೆ ಆರುನೂರರಂತೆ ಕಳೆದು ಬರೆದೆ.

ಯಜಮಾನರು ಕನ್ನಡಕ ಏರಿಸಿ ಪುಸ್ತಕ ನೋಡಿದರು.
ಇದೇನಿದು ಬಿದ್ದಪ್ಪ?

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು, ಅಷ್ಟೂ ಅಕ್ಷರ ಸರಿಯಾಗಿ.
ಅರ್ಧ ಮುಖ ಸಡಿಲ ಬಿಟ್ಟು
ಹೂವು, ಎಂದೆ.